ಉಲ್ಹಾಸನಗರದ ನೆತ್ತಿಯ ಮೇಲಿನ ಗಡಿ

ಠಾಣೆ, ಡೊಂಬಿವಲಿ, ಕಲ್ಯಾಣ, ಉಲ್ಹಾಸನಗರಗಳ ಮೇಲಿನ ಆಕಾಶ ನೆಲದಿಂದ ನೋಡುವವರಿಗೆ ಎಲ್ಲೆಡೆ ಒಂದೇ ಆಗಿ ಕಂಡರೂ ವಿಮಾನ ಚಾಲಕನ ನಕ್ಷೆಯಲ್ಲಿ ಅದು ಹಲವು ಪಾಲುಗಳಾಗಿ ಹಂಚಿಹೋಗಿದ್ದು, ಯಾವ ಪಾಲಿನೊಳಗೆ ಯಾರು, ಯಾವ ಎತ್ತರದಲ್ಲಿ, ಯಾರ ಅಪ್ಪಣೆ ಪಡೆದು ಬರಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಉಲ್ಹಾಸನಗರದಿಂದ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 35 ಕಿ.ಮೀ.; 2025ರ ಡಿಸೆಂಬರ್ 25ರಂದು ಪ್ರಯಾಣಿಕರ ಸಂಚಾರ ಆರಂಭಿಸಿದ ನವಿ ಮುಂಬೈ ನಿಲ್ದಾಣ ಅದಕ್ಕಿಂತಲೂ ಹತ್ತಿರ. ಈ ಎರಡು ನಿಲ್ದಾಣಗಳ ನಡುವಿನ ಅಂತರವಾದರೋ 25 ಕಿ.ಮೀ.ಗೂ ಕಡಿಮೆ, ಅಂದರೆ ಇಳಿಯಲು ಅಣಿಯಾಗುತ್ತಿರುವ ಜೆಟ್ ವಿಮಾನಕ್ಕೆ ಮೂರು–ನಾಲ್ಕು ನಿಮಿಷಗಳ ಹಾದಿ.

ವಾಯು ಸಂಚಾರ ನಿಯಂತ್ರಕರ ಅನುಮತಿಯಿಲ್ಲದೆ ಪ್ರವೇಶಿಸಬಾರದ ಇಂಥ ಪಾಲನ್ನು ನಿಯಂತ್ರಿತ ವಾಯುಪ್ರದೇಶ ಎನ್ನುತ್ತಾರೆ. ಭಾರತದಲ್ಲಿ ವಾಯುಪ್ರದೇಶವನ್ನು ಡಿ, ಇ, ಎಫ್, ಜಿ ಎಂದು ವರ್ಗೀಕರಿಸಲಾಗಿದ್ದು, ದೊಡ್ಡ ನಿಲ್ದಾಣಗಳ ಸುತ್ತಲಿನದು ಡಿ ವರ್ಗಕ್ಕೆ ಸೇರುತ್ತದೆ. ಅಲ್ಲಿ ದೊಡ್ಡ ವಿಮಾನವಿರಲಿ, ತರಬೇತಿಯ ಪುಟ್ಟ ವಿಮಾನವಿರಲಿ, ಎಲ್ಲವೂ ನಿಯಂತ್ರಕರ ಮಾತಿಗೆ ಒಳಪಟ್ಟೇ ಹಾರಬೇಕು. ಜಗತ್ತಿನ ದಟ್ಟಣೆಯ ನಿಲ್ದಾಣಗಳ ಸುತ್ತ ಈ ಪ್ರದೇಶದ ಆಕಾರ ಸಾಮಾನ್ಯವಾಗಿ ದೇವಸ್ಥಾನದ ಪುಷ್ಕರಣಿಯಂತಿದ್ದು, ಮೇಲೆ ಹರವಾಗಿ, ಕೆಳಗಿಳಿದಂತೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ನಿಲ್ದಾಣದ ಬಳಿ ನೆಲವನ್ನು ಮುಟ್ಟುತ್ತದೆ. ವಿಮಾನಗಳು ಓಡುದಾರಿಯತ್ತ ಮೂರು ಡಿಗ್ರಿಯಷ್ಟು ಸೌಮ್ಯವಾದ ಇಳಿಜಾರಿನಲ್ಲಿ, ಪ್ರತಿ ನಾಟಿಕಲ್ ಮೈಲಿಗೆ ಸುಮಾರು 300 ಅಡಿಯಂತೆ ಇಳಿಯುವುದರಿಂದ ದೂರದಲ್ಲಿ ಅವು ಎತ್ತರದಲ್ಲಿರುತ್ತವೆ, ಹತ್ತಿರದಲ್ಲಿ ತಗ್ಗಿನಲ್ಲಿರುತ್ತವೆ; ಪೂರ್ವದಿಂದ ಮುಂಬೈಗೆ ಇಳಿಯುವ ವಿಮಾನ ನವಿ ಮುಂಬೈಯ ಕೋಪರಖೈರಣೆಯನ್ನು ದಾಟುವಾಗ ನೆಲದಿಂದ 2,000 ಅಡಿಯ ಆಸುಪಾಸಿನಲ್ಲಿರುತ್ತದೆ. 2018ರ ಡಿಸೆಂಬರ್ 8ರಂದು ಮುಂಬೈ ನಿಲ್ದಾಣ 24 ಗಂಟೆಗಳಲ್ಲಿ 1,007 ವಿಮಾನಗಳ ಏರಿಳಿತವನ್ನು ನಿಭಾಯಿಸಿತ್ತು, ಎಂದರೆ ಒಂದೂವರೆ ನಿಮಿಷಕ್ಕೂ ಮೊದಲೇ ಒಂದರ ಹಿಂದೆ ಇನ್ನೊಂದು. ಇಂಥ ಸಾಲಿನ ನಡುವೆ ಯಾರ ಲೆಕ್ಕಕ್ಕೂ ಸಿಗದ ವಿಮಾನವೊಂದು ನುಗ್ಗಿದರೆ ಏನಾದೀತೆಂಬುದನ್ನು ಊಹಿಸಬೇಕಾಗಿಲ್ಲ. ಅದು ನಡೆದೇ ಇದೆ.

1986ರ ಆಗಸ್ಟ್ 31, ಭಾನುವಾರ. ಅಮೆರಿಕದ ಲಾಸ್ ಏಂಜಲೀಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಏರೋಮೆಕ್ಸಿಕೋ ಸಂಸ್ಥೆಯ ಡಿಸಿ–9 ವಿಮಾನಕ್ಕೂ ಹತ್ತಿರದ ಟಾರೆನ್ಸ್‌ನಿಂದ ಮೇಲೆದ್ದಿದ್ದ ಪೈಪರ್ ಎಂಬ ಖಾಸಗಿ ಪುಟ್ಟ ವಿಮಾನಕ್ಕೂ ಸೆರಿಟೋಸ್ ಎಂಬ ವಸತಿ ಪಟ್ಟಣದ ಮೇಲೆ ಸುಮಾರು 6,500 ಅಡಿ ಎತ್ತರದಲ್ಲಿ ಡಿಕ್ಕಿಯಾಯಿತು. ಅಲ್ಲಿ ನಿಯಂತ್ರಿತ ಪ್ರದೇಶದ ತಳವಿದ್ದದ್ದು 6,000 ಅಡಿಯಲ್ಲಿ. ಪೈಪರ್ ಅನುಮತಿ ಕೇಳದೆ ಅದನ್ನು ದಾಟಿ ಐನೂರು ಅಡಿಯಷ್ಟು ಒಳಗೆ ಏರಿಬಿಟ್ಟಿತ್ತು. ಅದರಲ್ಲಿದ್ದ ಟ್ರಾನ್ಸ್‌ಪಾಂಡರ್, ಅಂದರೆ ನೆಲದ ರೇಡಾರಿನ ಪ್ರಶ್ನೆಗೆ ತಾನಾಗಿಯೇ ಉತ್ತರಿಸುವ ಉಪಕರಣ, ವಿಮಾನದ ಎತ್ತರವನ್ನು ತಿಳಿಸುವಂಥದ್ದಾಗಿರಲಿಲ್ಲ. ಹಾಗಾಗಿ ಪರದೆಯ ಮೇಲೆ ಅದು ಮೂಡಿದರೂ ತಳದ ಕೆಳಗಿದೆಯೋ ಒಳಗಿದೆಯೋ ಎಂದು ತಿಳಿಯುವ ಉಪಾಯವೇ ಇರಲಿಲ್ಲ. ಇನ್ನೂ ವಿಚಿತ್ರವೆಂದರೆ ಆ ಗಳಿಗೆಯಲ್ಲಿ ನಿಯಂತ್ರಕ ಅದೇ ರೀತಿ ಅನುಮತಿಯಿಲ್ಲದೆ ಒಳಬಂದಿದ್ದ ಬೇರೊಂದು ಸಣ್ಣ ವಿಮಾನದ ಚಾಲಕನೊಡನೆ ಮಾತಿನಲ್ಲಿ ತೊಡಗಿದ್ದ. ಎರಡೂ ವಿಮಾನಗಳಲ್ಲಿದ್ದ 67 ಮಂದಿ, ನೆಲದ ಮೇಲಿನ 15 ಮಂದಿ, ಒಟ್ಟು 82 ಜನ ಸತ್ತರು.

ಆ ಮಧ್ಯಾಹ್ನ ಆಕಾಶ ಶುಭ್ರವಾಗಿತ್ತು. ಆದರೂ ತಪ್ಪಿಸಿಕೊಳ್ಳಲು ಎರಡೂ ಕಡೆಯವರು ಯತ್ನಿಸಿದ ಕುರುಹು ಸಿಗಲಿಲ್ಲ. ಎದುರಿನ ವಿಮಾನವನ್ನು ಕಂಡು, ಅದು ಡಿಕ್ಕಿಯ ದಾರಿಯಲ್ಲಿದೆಯೆಂದು ಗುರುತಿಸಿ, ನಿರ್ಧರಿಸಿ, ವಿಮಾನವನ್ನು ಹೊರಳಿಸಲು ಚಾಲಕನಿಗೆ ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆಯೇ ಲೆಕ್ಕ ಹಾಕಿದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅತ್ತಿತ್ತ ಸರಿಯದೆ ಒಂದೇ ಕಡೆ ಚುಕ್ಕೆಯಾಗಿ ನಿಂತಿದ್ದು ಕೊನೆಯ ಕೆಲವು ಕ್ಷಣಗಳಲ್ಲಿ ಮಾತ್ರ ದೊಡ್ಡದಾಗುತ್ತದೆ. ಚಲನೆಯನ್ನೇ ಹುಡುಕುವ ಮನುಷ್ಯನ ಕಣ್ಣು ಇಂಥದ್ದನ್ನು ಸುಲಭವಾಗಿ ತಪ್ಪಿಸುತ್ತದೆ. ತನಿಖಾ ಮಂಡಳಿ ಪೈಪರ್‌ನ ಅಕ್ರಮ ಪ್ರವೇಶವನ್ನು ಪೂರಕ ಕಾರಣವೆಂದಷ್ಟೇ ಹೆಸರಿಸಿ, ಡಿಕ್ಕಿಯನ್ನು ತಡೆಯಲಾರದ ನಿಯಂತ್ರಣ ವ್ಯವಸ್ಥೆಯ ಮಿತಿಯನ್ನೇ ಮುಖ್ಯ ಕಾರಣವೆಂದು ಹೇಳಿತು. ಈ ತೀರ್ಮಾನ ಸರಿಯಾದದ್ದೇ, ಏಕೆಂದರೆ ದಾರಿ ತಪ್ಪುವವರು ಎಂದಿಗೂ ಇರುತ್ತಾರೆ. ತಪ್ಪಿದವನು ಕಣ್ಣಿಗೆ ಬೀಳುವಂತೆ ಮಾಡುವುದು ವ್ಯವಸ್ಥೆಯ ಕೆಲಸ. ಅನಂತರವೇ ದಟ್ಟಣೆಯ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್ ಅಲ್ಲಿ ಕಡ್ಡಾಯವಾಯಿತು, ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಬಂತು. ಭಾರತ ಆ ಉಪಕರಣವನ್ನು ಕಡ್ಡಾಯಗೊಳಿಸಲು 1996ರ ನವೆಂಬರ್ 12ರಂದು ಹರಿಯಾಣದ ಚರಖಿ ದಾದ್ರಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸಾಯಬೇಕಾಯಿತು.

ಮುಂಬೈಯ ಆಕಾಶದಲ್ಲಿ ನಡೆದಿರುವ ಪ್ರಮಾದ ಬೇರೆ ಬಗೆಯದು. ಮುಖ್ಯ ನಿಲ್ದಾಣದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಜುಹು ನಿಲ್ದಾಣವಿದ್ದು, ಅದರ ಓಡುದಾರಿಯೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ ಮುಖ ಮಾಡಿದೆ, ಆದರೆ ಉದ್ದ 1,143 ಮೀಟರ್ ಮಾತ್ರ. 1953ರ ಜುಲೈ 15ರಂದು ಬಿಓಎಸಿ ಸಂಸ್ಥೆಯ ಕಾಮೆಟ್ ಜೆಟ್ ಸಾಂತಾಕ್ರೂಜ್ (ಮುಖ್ಯ ನಿಲ್ದಾಣದ ಆಗಿನ ಹೆಸರು) ಎಂದು ಭಾವಿಸಿ ಜುಹುವಿನಲ್ಲಿಳಿದು, ಒಂಬತ್ತು ದಿನಗಳ ನಂತರ ಅಲ್ಲಿಂದ ಹಾರಿಹೋಯಿತು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ–8 ಅದೇ ತಪ್ಪನ್ನು ಮಾಡಿ, ಓಡುದಾರಿಯ ತುದಿ ದಾಟಿ ಮತ್ತೆ ಹಾರದಷ್ಟು ಜಖಂಗೊಂಡಿತು; ಯಾರೂ ಸಾಯಲಿಲ್ಲವೆಂಬುದೇ ಪುಣ್ಯ. ಇವರು ಅನುಮತಿಯಿಲ್ಲದೆ ಬಂದವರಲ್ಲ. ಅನುಮತಿ ಪಡೆದದ್ದು ಒಂದು ಜಾಗಕ್ಕೆ, ಹೋದದ್ದು ಇನ್ನೊಂದಕ್ಕೆ.

ಅನುಮತಿಯನ್ನು ಸಾಮಾನ್ಯವಾಗಿ ಕೊಡದ ತಾಣಗಳೂ ಇಲ್ಲಿವೆ. 1937ರ ವಿಮಾನ ನಿಯಮಗಳ ಅನುಸೂಚಿಯಲ್ಲಿ ನಿಷಿದ್ಧವೆಂದು ಗುರುತಿಸಿದ ಪ್ರದೇಶಗಳ ಸಾಲಿನಲ್ಲಿ ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ಜೊತೆ ಮಲಬಾರ್ ಹಿಲ್‌ನ ಪಾರ್ಸಿಗಳ ಮೌನ ಗೋಪುರವೂ ಸೇರಿದೆ. ಅಣುಸ್ಥಾವರಕ್ಕೆ ಸಿಗುವ ರಕ್ಷಣೆ ಒಂದು ಸಮುದಾಯದ ಅಂತ್ಯಸಂಸ್ಕಾರದ ತಾಣಕ್ಕೂ ಸಿಕ್ಕಿರುವುದು ಗಮನಾರ್ಹ. ಇದಲ್ಲದೆ ವಾಯುಪಡೆಯಿಂದ ಪಡೆಯಬೇಕಾದ ರಕ್ಷಣಾ ಅನುಮತಿಯ ಸಂಖ್ಯೆಯೊಂದಿದ್ದು, ಗುರುತು ಸಿಗದ ವಿಮಾನದ ಬೆನ್ನುಹತ್ತುವ ಅಧಿಕಾರ ವಾಯುಪಡೆಗಿದೆ. ಪುರುಲಿಯಾದಲ್ಲಿ ಶಸ್ತ್ರಾಸ್ತ್ರ ಉದುರಿಸಿದ್ದ ಆಂಟೊನೊವ್ ವಿಮಾನವನ್ನು 1995ರ ಡಿಸೆಂಬರಿನಲ್ಲಿ ಮಿಗ್–21 ಯುದ್ಧವಿಮಾನ ಬಲವಂತವಾಗಿ ಇಳಿಸಿದ್ದು ಮುಂಬೈಯಲ್ಲಿಯೇ.

ಈಗ ಪೈಲಟ್ ಆಗಲು ವಿಮಾನವೇ ಬೇಕಿಲ್ಲ. ಮದುವೆಯ ವಿಡಿಯೊ ತೆಗೆಯಲು ಡ್ರೋನ್ ಹಾರಿಸುವವನೂ ಕಾನೂನಿನ ದೃಷ್ಟಿಯಲ್ಲಿ ದೂರನಿಯಂತ್ರಿತ ಪೈಲಟ್. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಯ ಮೇಲೆ ಹಾರಿಸಲು ನಿಯಂತ್ರಕರ ಅನುಮತಿ ಬೇಕು. ನಿರ್ಬಂಧಕ್ಕೆ ತಕ್ಕಂತೆ ಗುರುತಿಸಿದ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ಸಿಗುತ್ತದೆ. ನವಿ ಮುಂಬೈ ನಿಲ್ದಾಣ ತೆರೆದ ಮೇಲೆ ಪನ್ವೇಲ್, ಬೇಲಾಪುರ, ನೆರೂಳ್‌ಗಳ ಮೇಲೆ ನಿನ್ನೆಯವರೆಗೆ ಇಲ್ಲದಿದ್ದ ನಿರ್ಬಂಧ ಇಂದು ಇದೆ, ಮತ್ತು ಅಲ್ಲಿನ ಮೈದಾನಗಳಲ್ಲಿ ಡ್ರೋನ್ ಹಾರಿಸುವವರಿಗೆ ಇದನ್ನು ತಿಳಿಸುವ ಫಲಕವಾಗಲಿ ಬೇಲಿಯಾಗಲಿ ಆಕಾಶದಲ್ಲಿ ಇರಲಾರದು. ಸಾಮಾನ್ಯ ಡ್ರೋನ್‌ನಲ್ಲಿ ಟ್ರಾನ್ಸ್‌ಪಾಂಡರ್ ಇರುವುದಿಲ್ಲವಾದ್ದರಿಂದ ವಿಮಾನದ ಡಿಕ್ಕಿ ತಪ್ಪಿಸುವ ಉಪಕರಣಕ್ಕೆ ಅದು ಗೋಚರಿಸುವುದಿಲ್ಲ. ಕಾಣಬೇಕಾದದ್ದು ಮತ್ತೆ ಚಾಲಕನ ಕಣ್ಣಿಗೇ, ಮತ್ತು ಎರಡು ಕಿಲೋ ತೂಕದ ಆ ವಸ್ತುವನ್ನು ಡಿಕ್ಕಿಗೆ 12 ಸೆಕೆಂಡು ಮೊದಲು ಕಾಣುವುದು ಯಾವ ಚಾಲಕನಿಗೂ ಆಗದ ಮಾತು.