ಸೈಕಲ್ ಸವಾರಿಯ ಉಡುಪು

ಸೈಕಲ್ ಸವಾರಿಯ ಉಡುಪು ಎಂದರೆ ಶಾಲೆ, ಕಾಲೇಜು, ಕಚೇರಿ, ಕಾರ್ಖಾನೆಗಳಿಗೆ ನಿತ್ಯವೂ ಸೈಕಲ್ಲಿನಲ್ಲಿ ಹೋಗಿಬರುವವರು ಧರಿಸುವ ಬಟ್ಟೆ. ಇದರ ಹಲವು ಅಂಶಗಳು ಪಂದ್ಯಗಳಲ್ಲಿ ಭಾಗವಹಿಸುವ ಕ್ರೀಡಾಪಟುಗಳ ಉಡುಪಿನಿಂದ ಬಂದಿವೆಯಾದರೂ ನಿತ್ಯಸವಾರರ ಅಗತ್ಯಗಳು ಬೇರೆ. ಕ್ರೀಡಾಪಟುವಿಗೆ ಗಾಳಿಯ ತಡೆಯನ್ನು ತಗ್ಗಿಸುವುದು ಮುಖ್ಯ. ನಿತ್ಯಸವಾರನಾದರೋ ಗಾಯವಿಲ್ಲದೆ, ಬೆವರಿನಲ್ಲಿ ತೊಯ್ಯದೆ, ವಾಹನಗಳ ಕಣ್ಣಿಗೆ ಬೀಳುತ್ತ ಊರು ದಾಟಿ, ತಲುಪಿದ ಮೇಲೆ ನಾಲ್ಕು ಜನರ ನಡುವೆ ಕುಳಿತು ಕೆಲಸ ಮಾಡುವಂತಿರಬೇಕು. ಹೊಸದಾಗಿ ಸೈಕಲ್ ಹಿಡಿದವರು ಒಂದೆರಡು ವಾರಗಳಲ್ಲಿಯೇ ಅದನ್ನು ಗೋಡೆಗೆ ಒರಗಿಸಿಬಿಡುವುದಕ್ಕೆ ಅನೇಕ ವೇಳೆ ಕಾಲಿನ ಆಯಾಸ ಕಾರಣವಲ್ಲ, ತೊಡೆಸಂದಿನ ಉರಿ ಕಾರಣ. ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುವುದರಿಂದ ಸುಲಭವಾದ ಪರಿಹಾರವೂ ತಿಳಿಯದೆ ಉಳಿದುಬಿಡುತ್ತದೆ.

ನೋವಿನ ಮೂಲ

ಕುರ್ಚಿಯಲ್ಲಿ ಕುಳಿತಾಗ ದೇಹದ ಭಾರ ಪೃಷ್ಠ ಮತ್ತು ತೊಡೆಗಳ ಮೇಲೆ ಹರಡಿಕೊಳ್ಳುತ್ತದೆ. ಸೈಕಲ್ಲಿನ ಸೀಟು ಕಿರಿದು. ಅಲ್ಲಿ ಭಾರದ ಬಹುಪಾಲನ್ನು ಹೊರುವುದು ಸೊಂಟದ ಎಲುಬುಗೂಡಿನ ತಳದಲ್ಲಿರುವ ಎರಡು ಗುಬುಟು ಮೂಳೆಗಳು. ಗಟ್ಟಿ ನೆಲದ ಮೇಲೆ ಕುಳಿತಾಗ ಒತ್ತುವ ಮೂಳೆಗಳೇ ಇವು. ಬೆನ್ನನ್ನು ನೆಟ್ಟಗೆ ಇಟ್ಟು ಕೂರುವ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಭಾರ ಈ ಮೂಳೆಗಳ ಮೇಲೆಯೇ ನಿಲ್ಲುತ್ತದೆ. ಹ್ಯಾಂಡಲ್ ತಗ್ಗಿರುವ ಸೈಕಲ್ಲುಗಳಲ್ಲಿ ಮುಂದಕ್ಕೆ ಬಾಗಿದಷ್ಟೂ ಅದು ಜನನಾಂಗದ ಹಿಂಭಾಗದ ಮೃದುವಾದ ಜಾಗಕ್ಕೆ ಸರಿಯುತ್ತದೆ. ಅಲ್ಲಿ ಹಾದುಹೋಗುವ ನರ ಮತ್ತು ರಕ್ತನಾಳಗಳು ಅದುಮಿದಾಗ ಜೋಮು ಹಿಡಿಯುತ್ತದೆ. ಜೋಮು ಬಟ್ಟೆಯ ದೋಷಕ್ಕಿಂತ ಹೆಚ್ಚಾಗಿ ಸೀಟಿನ ಎತ್ತರ, ಓರೆ ಮತ್ತು ಅಗಲಕ್ಕೆ ಸಂಬಂಧಿಸಿದ್ದು. ಅದನ್ನು ದಪ್ಪನೆಯ ಚಡ್ಡಿಯಿಂದ ಮುಚ್ಚಿಹಾಕುವುದಕ್ಕಿಂತ ಮೊದಲು ಸೀಟನ್ನು ಸರಿಪಡಿಸುವುದು ವಿವೇಕ.

ಚರ್ಮದ ಗಾಯ ಮಾತ್ರ ನೇರವಾಗಿ ಬಟ್ಟೆಗೆ ಸಂಬಂಧಿಸಿದ್ದು. ಮಧ್ಯಮ ಗಾತ್ರದ ಗೇರಿನ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು 5 ಮೀಟರ್ ಮುಂದೆ ಸಾಗುತ್ತದೆ. ಎಂದರೆ 5 ಕಿ.ಮೀ. ದಾರಿಯಲ್ಲಿ ಪ್ರತಿಯೊಂದು ಕಾಲೂ ಸುಮಾರು 1,000 ಬಾರಿ ಮೇಲೇರಿ ಇಳಿಯುತ್ತದೆ, ಒಳತೊಡೆ ಅಷ್ಟೇ ಸಲ ಸೀಟಿನ ಅಂಚಿಗೆ ಉಜ್ಜುತ್ತದೆ. ಬೆವರಿನಿಂದ ತೇವವಾಗಿ ಮೆತ್ತಗಾದ ಚರ್ಮ ಒಣ ಚರ್ಮಕ್ಕಿಂತ ಬೇಗ ಕಿತ್ತುಬರುತ್ತದೆ. ಮೊದಲು ಕೆಂಪಗಾಗಿ ಉರಿಯುತ್ತದೆ, ಅನಂತರ ಕೂದಲಿನ ಬುಡಗಳು ಸೋಂಕಿಗೆ ಒಳಗಾಗಿ ಕುರು ಏಳುತ್ತವೆ. ತೇವ ಹಾಗೆಯೇ ಉಳಿದರೆ ಗಜಕರ್ಣವೂ ಬರಬಹುದು. ಉಜ್ಜುವಿಕೆ, ತೇವ, ಒತ್ತಡ ಎಂಬ ಈ ಮೂರರಲ್ಲಿ ಮೊದಲ ಎರಡನ್ನು ಉಡುಪು ಬಹುಮಟ್ಟಿಗೆ ತಡೆಯಬಲ್ಲುದು. ಮೂರನೆಯದರಲ್ಲಿ ಅದರ ಪಾತ್ರ ಸಣ್ಣದು.

ಸಾಧಾರಣ ಪ್ಯಾಂಟುಗಳಲ್ಲಿ, ಅದರಲ್ಲಿಯೂ ಜೀನ್ಸಿನಲ್ಲಿ, ನಾಲ್ಕು ದಿಕ್ಕಿನ ದಪ್ಪ ಹೊಲಿಗೆಗಳು ತೊಡೆಸಂದಿನಲ್ಲಿ ಒಂದೆಡೆ ಕೂಡಿ ಗಂಟಾಗುತ್ತವೆ. ಸವಾರ ಆ ಗಂಟಿನ ಮೇಲೆಯೇ ಕುಳಿತಿರುತ್ತಾನೆ. ಸವಾರಿಗೆಂದು ಹೊಲಿದ ಪ್ಯಾಂಟುಗಳಲ್ಲಿ ಆ ಜಾಗಕ್ಕೆ ಪ್ರತ್ಯೇಕವಾದೊಂದು ಬಟ್ಟೆಯ ತುಂಡನ್ನು ಕೂಡಿಸಿ, ಹೊಲಿಗೆಗಳನ್ನು ಅಕ್ಕಪಕ್ಕಕ್ಕೆ ಸರಿಸಿರುತ್ತಾರೆ. ಈ ಉಪಾಯ ಹೊಸತೇನಲ್ಲ; ನಮ್ಮ ಪೈಜಾಮ, ಸಲ್ವಾರುಗಳನ್ನು ಹೊಲಿಯುವವರು ಬಹುಕಾಲದಿಂದ ಹೀಗೆಯೇ ಮಾಡಿಕೊಂಡು ಬಂದಿದ್ದಾರೆ. ಕಚ್ಚೆಪಂಚೆಯಲ್ಲಂತೂ ಹೊಲಿಗೆಯೇ ಇಲ್ಲ. ಕಚ್ಚೆ ಬಿಗಿದು ಸೈಕಲ್ ತುಳಿಯುತ್ತಿದ್ದ ಹಿಂದಿನ ತಲೆಮಾರಿನವರಿಗೆ ಪಂಚೆಯ ಅಂಚು ಚೈನಿಗೆ ಸಿಕ್ಕುವ ಭಯವಿತ್ತೇ ಹೊರತು ಹೊಲಿಗೆಯ ಕಾಟವಿರಲಿಲ್ಲ.

ಸೈಕಲ್ ಚಡ್ಡಿ

ಇಂದಿನ ಸೈಕಲ್ ಚಡ್ಡಿ ಮೊಣಕಾಲಿನ ಮೇಲೆ ನಿಲ್ಲುವ, ಮೈಗೆ ಅಂಟಿಕೊಂಡಿರುವ, ಆಸನದ ಭಾಗದಲ್ಲಿ ಮೆತ್ತೆಯಿರುವ ಉಡುಪು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಯುರೋಪಿನ ಸವಾರರು ಕಪ್ಪು ಉಣ್ಣೆಯ ಚಡ್ಡಿ ತೊಡುತ್ತಿದ್ದರು. ಅದರ ಒಳಗೆ ಮೆತ್ತನೆಯ ತೊಗಲಿನ ತುಂಡನ್ನು ಹೊಲಿದಿರುತ್ತಿದ್ದರು. ಆಲ್ಪ್ಸ್ ಮೊದಲಾದ ಯುರೋಪಿನ ಬೆಟ್ಟಗಳಲ್ಲಿ ವಾಸಿಸುವ, ಮೇಕೆಯನ್ನು ಹೋಲುವ ಪ್ರಾಣಿಯೊಂದರ ಹೆಸರಿನಿಂದ ಆ ತೊಗಲಿಗೆ 'ಶ್ಯಾಮಿ' ಎಂಬ ಹೆಸರು ಬಂದಿತು. ಒಗೆದು ಒಣಗಿಸಿದಾಗ ತೊಗಲು ಹಪ್ಪಳದಂತೆ ಬಿರುಸಾಗುತ್ತಿದ್ದುದರಿಂದ ಅದಕ್ಕೆ ಮುಲಾಮು ಹಚ್ಚಿ ಮೆದುಗೊಳಿಸಬೇಕಾಗುತ್ತಿತ್ತು. ಈಗಿನ ಮೆತ್ತೆಗಳು ಸಂಪೂರ್ಣವಾಗಿ ಕೃತಕ ಬಟ್ಟೆ ಮತ್ತು ಸ್ಪಂಜಿನವು. ಹೀಗಿದ್ದೂ ಅಂಗಡಿಗಳಲ್ಲಿ ಮೆತ್ತೆಗೆ ಶ್ಯಾಮಿ ಎಂದೂ ಮುಲಾಮಿಗೆ ಶ್ಯಾಮಿ ಕ್ರೀಮ್ ಎಂದೂ ಕರೆಯುವುದು ಉಳಿದುಕೊಂಡಿದೆ. ವಸ್ತು ಹೋಗಿ ಹೆಸರು ಮಾತ್ರ ಬದುಕಿರುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಚಡ್ಡಿಯ ಬಟ್ಟೆಯಲ್ಲಿ ದೊಡ್ಡ ಬದಲಾವಣೆ ತಂದದ್ದು ಸ್ಪಾಂಡೆಕ್ಸ್ ಎಂಬ ಹಿಗ್ಗುವ ನೂಲು. ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಇದನ್ನು 1958ರಲ್ಲಿ ಸಿದ್ಧಪಡಿಸಿದರು. ಹಿಗ್ಗುತ್ತದೆ ಎಂಬ ಅರ್ಥದ 'ಎಕ್ಸ್‌ಪಾಂಡ್ಸ್' ಎಂಬ ಇಂಗ್ಲಿಷ್ ಪದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಈ ಹೆಸರನ್ನು ಕಟ್ಟಲಾಗಿದೆ. ಲೈಕ್ರಾ ಎಂಬುದು ಇದರ ವ್ಯಾಪಾರಿ ಹೆಸರು. 1970ರ ದಶಕದಿಂದ ಸೈಕಲ್ ಪಂದ್ಯಗಳಲ್ಲಿ ಉಣ್ಣೆಯ ಜಾಗವನ್ನು ಇದು ಆಕ್ರಮಿಸಿತು. ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಚರ್ಮದೊಡನೆಯೇ ಚಲಿಸುವುದರಿಂದ ಉಜ್ಜುವಿಕೆ ಬಟ್ಟೆಗೂ ಸೀಟಿಗೂ ನಡುವೆ ನಡೆಯುತ್ತದೆ, ಚರ್ಮಕ್ಕೂ ಬಟ್ಟೆಗೂ ನಡುವೆ ಅಲ್ಲ. ಬಿಗಿಯಾದ ಚಡ್ಡಿಯ ನಿಜವಾದ ಪ್ರಯೋಜನ ಇದೇ.

ಕೊಳ್ಳುವವರು ಸಾಮಾನ್ಯವಾಗಿ ಮೆತ್ತೆ ದಪ್ಪವಿದ್ದಷ್ಟೂ ಒಳ್ಳೆಯದೆಂದು ಭಾವಿಸುತ್ತಾರೆ. ಇದು ಸರಿಯಲ್ಲ. ಮೃದುವಾದ ದಪ್ಪ ಸ್ಪಂಜು ಮೂಳೆಗಳ ಕೆಳಗೆ ಕುಸಿದು, ನಡುವಿನ ಮೃದು ಭಾಗವನ್ನು ಮೇಲಕ್ಕೆ ಒತ್ತುತ್ತದೆ, ಬೆವರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬೆರಳಿನಿಂದ ಒತ್ತಿದಾಗ ಪೂರ್ತಿ ಕುಗ್ಗದೆ ಸ್ವಲ್ಪ ಎದುರೊತ್ತು ಕೊಡುವ, ತೆಳುವಾದರೂ ಗಟ್ಟಿಯಾದ ಮೆತ್ತೆಯೇ ಮೇಲು. ಮೆತ್ತೆಯ ಅಂಚುಗಳು ಹಂತಹಂತವಾಗಿ ತೆಳುವಾಗಿರಬೇಕು. ಥಟ್ಟನೆ ಮುಗಿಯುವ ಅಂಚು ಒಳತೊಡೆಯನ್ನು ಕೆರೆಯುತ್ತದೆ. ಸ್ತ್ರೀಯರಲ್ಲಿ ಕುಳಿತುಕೊಳ್ಳುವ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಅವರ ಚಡ್ಡಿಯ ಮೆತ್ತೆಯನ್ನು ಹಿಂಭಾಗದಲ್ಲಿ ಅಗಲವಾಗಿ ಕತ್ತರಿಸಿರುತ್ತಾರೆ. ಹೀಗಾಗಿ ಮನೆಯಲ್ಲಿ ಒಬ್ಬರ ಚಡ್ಡಿ ಮತ್ತೊಬ್ಬರಿಗೆ ಹೊಂದುವುದು ಅಪರೂಪ.

ಅಳತೆ ನೋಡುವಾಗ ನಿಂತು ನೋಡಿದರೆ ಸಾಲದು. ಸವಾರಿಯಲ್ಲಿ ಬಾಗುವಂತೆ ಬಾಗಿ ನೋಡಬೇಕು. ಈ ಚಡ್ಡಿಗಳ ಹಿಂಬದಿ ಎತ್ತರವಾಗಿಯೂ ಮುಂಬದಿ ತಗ್ಗಾಗಿಯೂ ಇರುವುದರಿಂದ ನಿಂತಾಗ ಎಳೆದಂತೆಯೂ, ನಡೆದಾಗ ಮಗುವಿಗೆ ಲಂಗೋಟಿ ಕಟ್ಟಿದಂತೆಯೂ ತೋರುತ್ತದೆ. ಸೀಟಿನ ಮೇಲೆ ಕುಳಿತಾಗ ಅದೇ ಸರಿಹೋಗುತ್ತದೆ. ತೊಡೆಯ ಕೊನೆಯ ಪಟ್ಟಿ ಮಾಂಸವನ್ನು ಕತ್ತರಿಸುವಷ್ಟು ಬಿಗಿಯಾಗಿರಬಾರದು. ಬಾಗಿದಾಗ ಸೊಂಟದ ಎಲಾಸ್ಟಿಕ್ ಹೊಟ್ಟೆಗೆ ಒತ್ತುವುದನ್ನು ಸಹಿಸದವರಿಗಾಗಿ ಹೆಗಲಿನ ಪಟ್ಟಿಗಳಿರುವ ಚಡ್ಡಿಗಳೂ ಉಂಟು. ಶೌಚದ ಸಮಯದಲ್ಲಿ ಅವು ತೊಡಕು. ನಿತ್ಯಸವಾರರಿಗೆ ಅಷ್ಟಾಗಿ ಬೇಡ.

ಮೆತ್ತೆಯಿರುವ ಚಡ್ಡಿಯ ಒಳಗೆ ಬೇರೆ ಒಳಉಡುಪು ಧರಿಸಬಾರದೆಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ಒಳಉಡುಪಿನ ಅಂಚು, ಹೊಲಿಗೆ, ತೇವ ಇವು ಮೂರೂ ಸೇರಿದರೆ ಮೆತ್ತೆಯ ಪ್ರಯೋಜನವೇ ಇಲ್ಲವಾಗುತ್ತದೆ. ಮೈಗಂಟಿದ ಚಡ್ಡಿಯಲ್ಲಿ ಬೀದಿಗಿಳಿಯಲು ಮನಸ್ಸು ಒಪ್ಪದವರು ಅದರ ಮೇಲೆ ಸಡಿಲವಾದ ಪ್ಯಾಂಟನ್ನೋ ಬರ್ಮುಡಾವನ್ನೋ ತೊಡಬಹುದು. ನಮ್ಮ ಊರುಗಳಲ್ಲಿ ಇದೇ ಹೆಚ್ಚು ಹೊಂದುವ ಏರ್ಪಾಡು. ಸಡಿಲ ಬಟ್ಟೆಯ ಒಳಗೆ ತೊಡಲೆಂದೇ ತಯಾರಾದ ತೆಳು ಚಡ್ಡಿಗಳೂ ಸಿಗುತ್ತವೆ.

ಚಡ್ಡಿ ಎಲ್ಲರಿಗೂ ಬೇಕೇ?

ಬೇಡ. ಐದಾರು ಕಿ.ಮೀ. ಒಳಗಿನ ದಾರಿಗೆ, ನೆಟ್ಟಗೆ ಕೂರುವ ಅಗಲ ಸೀಟಿನ ಸೈಕಲ್ಲಿಗೆ, ಸಾಧಾರಣವಾದ ಹತ್ತಿಯ ಪ್ಯಾಂಟು ಸಾಕು. ನೆದರ್ಲೆಂಡ್ಸಿನಲ್ಲಿ ಜನರು ಕಚೇರಿಯ ಉಡುಪಿನಲ್ಲಿಯೇ ಸೈಕಲ್ ತುಳಿಯುತ್ತಾರೆ. ಸಮತಟ್ಟಾದ ನೆಲ, ತಂಪು ಹವೆ, ಚೈನನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ ಇವೆಲ್ಲ ಅಲ್ಲಿ ಅನುಕೂಲಕ್ಕೆ ಬಂದಿವೆ. ಹತ್ತು ಕಿ.ಮೀ. ದಾಟಿದರೆ, ಅಥವಾ ಬೆನ್ನು ಬಾಗಿಸುವ ಸೈಕಲ್ಲಾದರೆ, ಮೆತ್ತೆಯ ಚಡ್ಡಿಯ ಅಗತ್ಯ ತಾನಾಗಿಯೇ ತಿಳಿದುಬರುತ್ತದೆ.

ಸಾಧಾರಣ ಪ್ಯಾಂಟಿನಲ್ಲಿ ಹೋಗುವವರು ಮೊಣಕಾಲಿನ ಬಳಿ ಸಡಿಲವಿರುವುದನ್ನು, ಪಾದದ ಬಳಿ ಬಿಗಿಯಿರುವುದನ್ನು ಆರಿಸಿಕೊಳ್ಳಬೇಕು. ಬಲಗಾಲಿನ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿದರೆ ಹರಿಯುವುದು ಬಟ್ಟೆ ಮಾತ್ರವಲ್ಲ; ಪೆಡಲು ಹಠಾತ್ತನೆ ನಿಂತು ಸವಾರ ಉರುಳುವುದೂ ಉಂಟು. ಹಿಂದೆ ಗುಮಾಸ್ತರೂ ಉಪಾಧ್ಯಾಯರೂ ಕಾಲಿಗೆ ಹಾಕಿಕೊಳ್ಳುತ್ತಿದ್ದ ಅರ್ಧಬಳೆಯಾಕಾರದ ಉಕ್ಕಿನ ಕ್ಲಿಪ್ಪು ಇದಕ್ಕಾಗಿಯೇ ಇತ್ತು. ಈಗ ಹೊಳೆಯುವ ಪಟ್ಟಿಗಳು ಬಂದಿವೆ. ಏನೂ ಇಲ್ಲದಿದ್ದರೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿದರೂ ಆಯಿತು.

ಅಂಗಿ ಮತ್ತು ನೂಲು

ಮೇಲುಡುಪಿನ ವಿಷಯದಲ್ಲಿ ಮುಖ್ಯ ಪ್ರಶ್ನೆ ಬೆವರಿನದು. ಬೆವರು ಆರಿಹೋದರೆ ಮಾತ್ರ ಮೈ ತಂಪಾಗುತ್ತದೆ, ಬಟ್ಟೆಯಲ್ಲಿ ನಿಂತರೆ ತಂಪಾಗುವುದಿಲ್ಲ. ಜವಳಿ ಶಾಸ್ತ್ರದ ಲೆಕ್ಕದಲ್ಲಿ, ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು 8 ಶೇಕಡಾ ತೇವವನ್ನು ಒಳಗೆಳೆದುಕೊಂಡಿರುತ್ತದೆ, ಉಣ್ಣೆ ಸುಮಾರು 16 ಶೇಕಡಾ, ಪಾಲಿಯೆಸ್ಟರ್ ಅರ್ಧ ಶೇಕಡಾಕ್ಕಿಂತ ಕಡಿಮೆ. ಪಾಲಿಯೆಸ್ಟರಿನ ತೆಳು ಹೆಣಿಗೆಯ ಅಂಗಿಗಳಲ್ಲಿ ಬೆವರು ಎಳೆಗಳ ನಡುವೆ ಹರಡಿ ಬೇಗ ಆರುವುದು ಇದರಿಂದಲೇ. ಹತ್ತಿಯು ತೊಯ್ದು ಬೆನ್ನಿಗೆ ಅಂಟುತ್ತದೆ. ಆದರೆ ಪಾಲಿಯೆಸ್ಟರ್ ವಾಸನೆಯನ್ನು ಹಿಡಿದಿಟ್ಟುಕೊಳ್ಳುವಷ್ಟು ಹತ್ತಿ ಹಿಡಿಯುವುದಿಲ್ಲ. ಕಲಬುರಗಿಯಂತಹ ಒಣ ಬಿಸಿಲಿನ ಊರಿನಲ್ಲಿ ಸಡಿಲವಾದ, ತೆಳುವಾದ ಹತ್ತಿಯ ಉದ್ದ ತೋಳಿನ ಅಂಗಿ ಬಿಸಿಲನ್ನೂ ತಡೆದು ಬೇಗ ಆರುವುದರಿಂದ ಅದಕ್ಕೆ ಸಾಟಿಯಿಲ್ಲ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಅದೇ ಅಂಗಿ ಒದ್ದೆಮುದ್ದೆಯಾಗುತ್ತದೆ. ಪಾಲಿಯೆಸ್ಟರ್ ಅಂಗಿಯಲ್ಲಿ ಹೋಗಿ, ಕಚೇರಿಯಲ್ಲಿ ಮೈ ಒರೆಸಿಕೊಂಡು ಬದಲಾಯಿಸುವುದೇ ಅಲ್ಲಿ ಮಾರ್ಗ. ಬೆನ್ನಿಗೆ ಚೀಲ ಹಾಕಿದರೆ ಯಾವ ಬಟ್ಟೆಯೂ ಆರದು. ಚೀಲದ ಜಾಗ ಕ್ಯಾರಿಯರ್.

ಮಹಿಳೆಯರು, ಉಡುಪು ಮತ್ತು ಸೈಕಲ್ಲು

ಸೈಕಲ್ಲಿನ ಇತಿಹಾಸದಲ್ಲಿ ಉಡುಪು ಹೆಚ್ಚು ವಿವಾದಕ್ಕೆ ಒಳಗಾದದ್ದು ಮಹಿಳೆಯರ ವಿಷಯದಲ್ಲಿ. 1851ರ ಸುಮಾರಿಗೆ ಅಮೆರಿಕದ ಅಮೀಲಿಯಾ ಬ್ಲೂಮರ್ ತಮ್ಮ ಪತ್ರಿಕೆಯ ಮೂಲಕ ಪ್ರಚಾರ ಮಾಡಿದ ಸಡಿಲ ಷರಾಯಿಗೆ ಜನ ಅವರ ಹೆಸರನ್ನೇ ಇಟ್ಟರು. ಅದಕ್ಕೆ ತುರ್ಕಿಯ ಸ್ತ್ರೀಯರ ಷರಾಯಿ ಮಾದರಿಯಾಗಿತ್ತು. ಅಂದಿನ ಅಪಹಾಸ್ಯಕ್ಕೆ ಅದು ಉಳಿಯಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯವರ ರೋವರ್ ಸೈಕಲ್ಲು ಬಂದು, ಎರಡೂ ಚಕ್ರಗಳು ಹೆಚ್ಚುಕಡಿಮೆ ಸಮನಾಗಿ, ಸವಾರಿ ಎಲ್ಲರಿಗೂ ಸಾಧ್ಯವಾದಾಗ ಆ ಷರಾಯಿಗೆ ಮರುಜೀವ ಬಂದಿತು. ಲಂಡನ್ನಿನಲ್ಲಿ 1881ರಲ್ಲಿ ಉಡುಪು ಸುಧಾರಣೆಯ ಸಂಘವನ್ನು ಕಟ್ಟಿದವರಲ್ಲೊಬ್ಬರಾದ ಲೇಡಿ ಹಾರ್ಬರ್ಟನ್ ಅವರು 1898ರಲ್ಲಿ ಇದೇ ಬಗೆಯ ಷರಾಯಿ ತೊಟ್ಟು ಸೈಕಲ್ಲಿನಲ್ಲಿ ಹೋಗಿ ಸರ್ರೆ ಪ್ರಾಂತದ ಓಕಮ್ ಎಂಬಲ್ಲಿನ ಹೋಟೆಲೊಂದನ್ನು ಪ್ರವೇಶಿಸಿದಾಗ, ಕಾಫಿ ಕೋಣೆಯಲ್ಲಿ ಕೂರಲು ಅವರಿಗೆ ಅವಕಾಶ ಕೊಡಲಿಲ್ಲ. ಸೈಕಲ್ ಪ್ರವಾಸಿಗರ ಸಂಘದ ಬೆಂಬಲದಿಂದ ಮೊಕದ್ದಮೆ ನಡೆಯಿತು. ಬೇರೊಂದು ಕೋಣೆಯಲ್ಲಿ ಊಟ ಕೊಡಲು ಸಿದ್ಧರಿದ್ದರೆಂಬ ಕಾರಣದಿಂದ 1899ರಲ್ಲಿ ತೀರ್ಪು ಹೋಟೆಲಿನ ಪರವಾಗಿ ಬಂದಿತು.

ಭಾರತದ ಸಲ್ವಾರ್, ಚೂಡಿದಾರಗಳಿಗೆ ಈ ಹೋರಾಟದ ಅಗತ್ಯ ಬೀಳಲಿಲ್ಲ. ಸವಾರಿಗೆ ಹೊಂದುವ ಉಡುಪು ಇಲ್ಲಿ ಮೊದಲಿನಿಂದಲೂ ಇತ್ತು. ಸೀರೆ, ಲಂಗಗಳಿಗಾಗಿ ನಡುವಿನ ಅಡ್ಡಬಾರಿಲ್ಲದ ಲೇಡಿಸ್ ಸೈಕಲ್ಲು ಬಂದಿತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತಾಗ ಸೀರೆಯಲ್ಲಿಯೇ ತುಳಿದವರೂ ಇದ್ದರು. ಕರ್ನಾಟಕದಲ್ಲಿ 2006-07ನೇ ಸಾಲಿನಿಂದ ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭವಾಯಿತು. ಸೈಕಲ್ಲು ಕೈಗೆ ಬಂದರೂ ಲಂಗ ತೊಟ್ಟ ಹುಡುಗಿ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಾರುವ ಲಂಗ ಹಿಡಿದು ಹೋಗಬೇಕಾದರೆ ಆ ಸವಾರಿ ಸುರಕ್ಷಿತವಲ್ಲ. ಸಮವಸ್ತ್ರವನ್ನು ನಿಗದಿಪಡಿಸುವವರು ತರಗತಿಯ ಕೋಣೆಯನ್ನು ಮಾತ್ರ ನೋಡದೆ ಶಾಲೆಯ ದಾರಿಯನ್ನೂ ನೋಡಬೇಕಾಗುತ್ತದೆ.

ಚೂಡಿದಾರದಲ್ಲಿರುವ ಅಪಾಯ ವೇಲಿನದು. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಮೃತಪಟ್ಟದ್ದು ಕೊರಳಿನ ಉದ್ದ ವಸ್ತ್ರ ಕಾರಿನ ಚಕ್ರಕ್ಕೆ ಸುತ್ತಿಕೊಂಡಾಗ. ವೇಲು, ದುಪಟ್ಟಾಗಳು ಬೈಕಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆಗೆ ತೀವ್ರ ಪೆಟ್ಟಾಗುವ ಪ್ರಕರಣಗಳು ನಮ್ಮ ದೇಶದ ಆಸ್ಪತ್ರೆಗಳಿಗೆ ಅಪರಿಚಿತವಲ್ಲ. ವೇಲಿನ ಎರಡೂ ತುದಿಗಳನ್ನು ಮುಂದಿನಿಂದ ಓರೆಯಾಗಿ ತಂದು ಸೊಂಟದ ಬದಿಗೆ ಗಂಟು ಹಾಕಬೇಕು. ಕೊರಳಿಗೆ ಮಾತ್ರ ಸುತ್ತುವುದು ಎಲ್ಲಕ್ಕಿಂತ ಅಪಾಯಕರ. ಹಿಂಚಕ್ರಕ್ಕೆ ಜಾಲರಿ ಕೂಡಿಸಿದರೆ ಸೆರಗು, ಕುರ್ತಾಗಳಿಗೂ ರಕ್ಷಣೆ. ಕ್ಯಾರಿಯರಿನ ಮೇಲೆ ಕೂರುವ ಮಗುವಿನ ಕಾಲಿಗಂತೂ ಅದು ಅತ್ಯಗತ್ಯ.

ಮಳೆ ಮತ್ತು ಇರುಳು

ಮಳೆಗಾಲದಲ್ಲಿ ಪ್ಲಾಸ್ಟಿಕ್ ರೇನ್‌ಕೋಟು ಹೊರಗಿನ ನೀರನ್ನು ತಡೆದು ಒಳಗಿನ ಬೆವರಿನಲ್ಲಿ ತೋಯಿಸುತ್ತದೆ. ಬೆವರಿನ ಆವಿಯನ್ನು ಹೊರಬಿಡುವ ಪೊರೆಯ ಬಟ್ಟೆಗಳು ಸಿಗುತ್ತವೆಯಾದರೂ ದುಬಾರಿ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಕರಾವಳಿ, ಮಲೆನಾಡುಗಳಲ್ಲಿ ಅವುಗಳ ಗುಣ ಅರ್ಧಕ್ಕರ್ಧ ಕುಂದುತ್ತದೆ. ಕೆಳಗಿನಿಂದ ಗಾಳಿಯಾಡುವ, ಹ್ಯಾಂಡಲ್‌ವರೆಗೆ ಹರಡುವ ಮಳೆಗವಸು ನಿಧಾನ ಸವಾರಿಗೆ ಉತ್ತಮ. ಗಾಳಿ ಜೋರಾಗಿದ್ದರೆ ಮಾತ್ರ ಅದು ಹಾಯಿಯಂತೆ ಉಬ್ಬಿ ಸೈಕಲ್ಲನ್ನು ಎಳೆದಾಡುತ್ತದೆ. ಎರಡೂ ಚಕ್ರಗಳಿಗೆ ಸರಿಯಾದ ಮಡ್‌ಗಾರ್ಡ್ ಇಲ್ಲದಿದ್ದರೆ ಎಂತಹ ಕೋಟು ತೊಟ್ಟರೂ ಬೆನ್ನಿಗೆ ಕೆಸರಿನ ಗೆರೆ ತಪ್ಪದು.

ಕತ್ತಲಾದ ಮೇಲೆ ಬಟ್ಟೆಯ ಬಣ್ಣದ ಲೆಕ್ಕ ಬದಲಾಗುತ್ತದೆ. ಕಣ್ಣು ಕುಕ್ಕುವ ಹಳದಿ, ಕಿತ್ತಳೆ ಜಾಕೆಟ್ಟುಗಳು ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳಿಂದ ಹೊಳೆಯುವುದರಿಂದ ಹಗಲಿಗೂ ಮುಸ್ಸಂಜೆಗೂ ಸರಿ. ರಾತ್ರಿಯಲ್ಲಿ ಬೇಕಾದುದು ವಾಹನದ ಬೆಳಕನ್ನು ಅದು ಬಂದ ದಿಕ್ಕಿಗೇ ಮರಳಿಸುವ ಪ್ರತಿಫಲಕ ಪಟ್ಟಿ. ಅದನ್ನು ಬೆನ್ನಿಗೆ ಮಾತ್ರ ಹಾಕುವುದಕ್ಕಿಂತ ಪಾದದ ಗಂಟಿಗೂ ಕಟ್ಟುವುದು ಹೆಚ್ಚು ಪರಿಣಾಮಕಾರಿ. ಪೆಡಲಿನೊಡನೆ ಮೇಲೆ ಕೆಳಗೆ ಆಡುವ ಹೊಳಪನ್ನು ಕಂಡ ಚಾಲಕನಿಗೆ ಅದೊಂದು ಕಂಬವಲ್ಲ, ಮನುಷ್ಯ ಎಂಬುದು ಕೂಡಲೇ ತಿಳಿಯುತ್ತದೆ. ಪಟ್ಟಿ ಯಾವುದಿದ್ದರೂ ದೀಪಕ್ಕೆ ಬದಲಿಯಲ್ಲ.

ಒಗೆತ

ಮೆತ್ತೆಯ ಚಡ್ಡಿಯನ್ನು ಒಂದು ದಿನದ ಸವಾರಿಯ ನಂತರ ಒಗೆಯದೆ ಮತ್ತೆ ತೊಡಬಾರದು. ಆದ್ದರಿಂದ ನಿತ್ಯಸವಾರರಿಗೆ ಕನಿಷ್ಠ ಎರಡು ಬೇಕು. ದುಬಾರಿಯ ಒಂದಕ್ಕಿಂತ ಸಾಧಾರಣ ಬೆಲೆಯ ಎರಡು ಮೇಲು. ಬಿಸಿನೀರು, ಬ್ರಷ್ಷಿನ ಉಜ್ಜು, ಬಟ್ಟೆ ಮೆದುಗೊಳಿಸುವ ದ್ರಾವಣ, ಇಸ್ತ್ರಿ ಇವು ನಾಲ್ಕೂ ಸ್ಪಾಂಡೆಕ್ಸಿಗೆ ಆಗದವು. ತಣ್ಣೀರಿನಲ್ಲಿ ಸ್ವಲ್ಪವೇ ಸೋಪಿನಿಂದ ಒಗೆದು, ಹಿಂಡದೆ ಅದುಮಿ ನೀರು ತೆಗೆದು, ಒಳಮಗ್ಗುಲನ್ನು ಹೊರಗೆ ಮಾಡಿ ಒಣಗಿಸಬೇಕು. ಮೆತ್ತೆ ಪೂರ್ತಿ ಒಣಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ತಲುಪಿದ ಕೂಡಲೇ ಒದ್ದೆ ಚಡ್ಡಿಯನ್ನು ಬದಲಾಯಿಸುವುದು ಒಗೆತದಷ್ಟೇ ಮುಖ್ಯ. ಕೆಂಪಗಾದ ಜಾಗಕ್ಕೆ ಒಂದೆರಡು ದಿನ ಸವಾರಿಯಿಂದ ವಿರಾಮ ಕೊಟ್ಟರೆ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ. ಕುರು ಎದ್ದು ನೋವು ಹೆಚ್ಚುತ್ತಿದ್ದರೆ, ಜ್ವರವಿದ್ದರೆ, ಸೈಕಲ್ಲಿನಿಂದ ಇಳಿದ ಮೇಲೂ ಜೋಮು ಬಹಳ ಹೊತ್ತು ಉಳಿದರೆ, ಅಥವಾ ಸವಾರರು ಮಧುಮೇಹಿಗಳಾಗಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಬೇಕು.