ಪಿಕಪ್ ವಾಹನದ ಟೈರು: ಸವೆತ ಹೇಳುವ ಲೆಕ್ಕ

ಬೋರನಕಣಿವೆಯ ಆಸುಪಾಸಿನ ತೋಟಗಳಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಸರಕು ಸಾಗಿಸುವ ಪಿಕಪ್ ವಾಹನಗಳಿಗೆ ಟೈರಿನ ವೆಚ್ಚ ಸಣ್ಣದಲ್ಲ. ದೋಷದ ಕಾರಣವನ್ನು ಸರಿಪಡಿಸದೆ ಟೈರನ್ನಷ್ಟೇ ಬದಲಿಸಿದರೆ ಅದೇ ನಷ್ಟ ಮರುಕಳಿಸುತ್ತದೆ. ಉದಾಹರಣೆಗೆ, 6,000 ರೂ. ಬೆಲೆಯ ಟೈರು 40,000 ಕಿ.ಮೀ. ಓಡಿದರೆ ಕಿ.ಮೀ.ಗೆ 15 ಪೈಸೆ, 20,000 ಕಿ.ಮೀ.ಗೇ ಸವೆದರೆ 30 ಪೈಸೆ.

ಸವೆತದ ರೀತಿಯೇ ಕಾರಣವನ್ನು ಸೂಚಿಸುತ್ತದೆ. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಅಧಿಕ. ನಡುಭಾಗ ಸವೆದಿದ್ದರೆ ಗಾಳಿ ಅಧಿಕ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಪರೀಕ್ಷಿಸಬೇಕು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗುಗಳಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್ ಹಾಗೂ ಬ್ಯಾಲೆನ್ಸಿಂಗ್ ನೋಡಬೇಕು.

ನಡುಕವನ್ನೂ ಹೀಗೆಯೇ ವಿಂಗಡಿಸಬಹುದು. ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ ತಪ್ಪಿರುತ್ತದೆ. ಆಸನ ನಡುಗಿದರೆ ಹಿಂದಿನ ಚಕ್ರಗಳನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ಶಂಕಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ದೋಷ ಡಿಸ್ಕ್ ಅಥವಾ ಡ್ರಮ್‌ನಲ್ಲಿದೆ. ನಿಧಾನಗತಿಯಲ್ಲೂ ಕುಲುಕಾಟವಿದ್ದು ಟೈರು ಉಬ್ಬಿದ್ದರೆ ಒಳಪದರ ಬಿಟ್ಟಿರುತ್ತದೆ. ಅಂತಹ ಟೈರು ಹೊರೆಯೊಡನೆ ಸಿಡಿದರೆ ಹೋಗುವುದು ಹಣವಷ್ಟೇ ಅಲ್ಲ, ಚಾಲಕನ ಪ್ರಾಣವೂ ಹೌದು. ಆದುದರಿಂದ ಅದನ್ನು ಕೂಡಲೇ ತೆಗೆಯತಕ್ಕದ್ದು.

ಟೈರು ತಣ್ಣಗಿರುವಾಗ, ತಯಾರಕರು ಹೊರೆಗನುಗುಣವಾಗಿ ಸೂಚಿಸಿದ ಒತ್ತಡಕ್ಕೆ ಗಾಳಿ ತುಂಬಿಸಬೇಕು. ಗೀರುಗಳ ಆಳ 1.6 ಮಿ.ಮೀ.ಗೆ ಇಳಿಯುವ ಮುನ್ನ ಟೈರು ಬದಲಿಸಬೇಕು. ಪ್ರತಿ ಟೈರಿಗೂ ಅಳವಡಿಸಿದ ದಿನಾಂಕ, ಬೆಲೆ, ಮೀಟರಿನ ಅಂಕಿ ಮತ್ತು ಸವೆತದ ಸ್ವರೂಪವನ್ನು ನಮೂದಿಸುವ ಒಂದು ಪುಟವನ್ನು ಲೆಕ್ಕಪುಸ್ತಕದಲ್ಲಿ ಮೀಸಲಿಟ್ಟರೆ, ದೋಷವು ಯಾವ ಚಕ್ರದಲ್ಲಿ ಮರುಕಳಿಸುತ್ತಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ.