ಗಂಟಿಲ್ಲದ ಹೊಲಿಗೆ: ಕಸೂತಿಯೊಳಗಿನ ಗ್ರಾಫ್ ಥಿಯರಿ

ಗ್ರಾಫ್ ಥಿಯರಿ ಅಂದ ತಕ್ಷಣ ನಮಗೆ ನೆನಪಾಗೋದು ಇಂಟರ್ನಲ್ಸ್, ಆಮೇಲೆ ಕೋನಿಗ್ಸ್‌ಬರ್ಗ್‌ನ 7 ಸೇತುವೆಗಳು. ಆದರೆ ಅದೇ ಲೆಕ್ಕವನ್ನು ಧಾರವಾಡದ ಕಡೆಯ ಹೆಣ್ಣುಮಕ್ಕಳು ಸೂಜಿ-ದಾರದಲ್ಲಿ ತಲೆಮಾರುಗಳಿಂದ ಬಿಡಿಸ್ತಾ ಬಂದಿದ್ದಾರೆ. ಅದರ ಹೆಸರು ಕಸೂತಿ.

ಕಸೂತಿ ಅಂದ್ರೆ ಏನು?

ಕೈ ಮತ್ತು ಸೂತಿ, ಅಂದರೆ ಹತ್ತಿಯ ನೂಲು, ಸೇರಿ ಕಸೂತಿ ಆಯ್ತು ಅಂತ ಹೇಳ್ತಾರೆ. ಉತ್ತರ ಕರ್ನಾಟಕದ ಈ ಕಲೆಗೆ ಜಿಐ ಟ್ಯಾಗ್ ಕೂಡ ಇದೆ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆ, ನವಿಲು ನೋಡಿರ್ತೀರಲ್ಲ, ಅದೇ. ಬಟ್ಟೆ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆಗಳನ್ನು ಎಣಿಸಿಕೊಂಡೇ ಹೊಲಿಯಬೇಕು. ಒಂದು ರೀತಿಯಲ್ಲಿ ಬಟ್ಟೆಯೇ ಗ್ರಾಫ್ ಶೀಟ್.

ಇದರಲ್ಲಿ ನಾಲ್ಕು ಹೊಲಿಗೆಗಳಿವೆ. ಮೆಂತಿ ಅನ್ನೋದು ಕ್ರಾಸ್ ಸ್ಟಿಚ್. ನೇಗಿ ನೋಡೋಕೆ ನೇಯ್ದ ಹಾಗೆ ಕಾಣುತ್ತೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತೆ. ನಾಲ್ಕನೆಯದು ಗವಂತಿ, ನೇರ ಗೆರೆಗಳ ಹೊಲಿಗೆ. ಗವಂತಿಯಲ್ಲಿ ಬಟ್ಟೆ ತಿರುಗಿಸಿ ನೋಡಿದರೂ ಅದೇ ಚಿತ್ರ. ದಾರಕ್ಕೆ ಗಂಟೂ ಹಾಕಲ್ಲ. ಇದು ಹೇಗೆ ಸಾಧ್ಯ?

ಹೋಗಿ ಬರುವ ದಾರ

ಗವಂತಿಯಲ್ಲಿ ಮೊದಲು ಸಾದಾ ಟಾಕಿ ಹಾಕ್ಕೊಂಡು ಹೋಗ್ತೀವಿ. ಒಂದು ಹೊಲಿಗೆ ಮೇಲೆ, ಮುಂದಿನದು ಕೆಳಗೆ, ಮತ್ತೆ ಮೇಲೆ. ಮೇಲಿನಿಂದ ನೋಡಿದರೆ ಗೆರೆ ತುಂಡು ತುಂಡಾಗಿರುತ್ತೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬರ್ತಾ ಖಾಲಿ ಜಾಗ ತುಂಬಬೇಕು. ಹಾಗಾಗಿ ಪ್ರತಿ ಗೆರೆಯೂ ಎರಡು ಸಲ ಬರುತ್ತೆ, ಒಂದು ಸಲ ಮೇಲೆ, ಒಂದು ಸಲ ಕೆಳಗೆ.

ಈಗ ಆಯ್ಲರ್‌ಗೆ ಬರೋಣ. 1736ರಲ್ಲಿ ಅವನು ಸೇತುವೆಗಳ ಸಮಸ್ಯೆಯಲ್ಲಿ ಕಂಡುಕೊಂಡದ್ದರ ಸಾರ ಇಷ್ಟೇ. ಕೈ ಎತ್ತದೆ, ಯಾವ ಗೆರೆಯನ್ನೂ ಮತ್ತೆ ತಿದ್ದದೆ ಚಿತ್ರ ಬರೆದು ಹೊರಟ ಜಾಗಕ್ಕೇ ಬರಬೇಕು ಅಂದ್ರೆ ಪ್ರತಿ ಬಿಂದುವಿನಲ್ಲೂ ಸಮಸಂಖ್ಯೆಯ ಗೆರೆಗಳು ಸೇರಬೇಕು. ಒಂದು ಪ್ಲಸ್ ಗುರುತು ತಗೊಳ್ಳಿ. ನಾಲ್ಕು ತುದಿಗಳಲ್ಲೂ ಒಂದೊಂದೇ ಗೆರೆ, ಹಾಗಾಗಿ ಆಗಲ್ಲ. ಆದರೆ ಪ್ರತಿ ಗೆರೆಯನ್ನೂ ಎರಡು ಮಾಡಿ ನೋಡಿ. ತುದಿಯಲ್ಲಿ 2, ನಡುವೆ 8. ಎಲ್ಲವೂ ಸಮ! ಚಿತ್ರ ಎಷ್ಟೇ ಜಟಿಲವಾಗಿರಲಿ, ಬಿಡಿಯಾಗಿಲ್ಲದೆ ಕೂಡಿಕೊಂಡಿದ್ದರೆ ಸಾಕು, ಒಂದೇ ದಾರದಲ್ಲಿ ಮುಗಿಸಿ ಹೊರಟಲ್ಲಿಗೇ ಬರಬಹುದು.

ಇಷ್ಟಕ್ಕೇ ಮುಗಿಯಲ್ಲ. ಒಂದೇ ಗೆರೆ ಎರಡು ಸಲವೂ ಮೇಲೇ ಬಂದರೆ? ಅದಕ್ಕೆ ನಮ್ಮಜ್ಜಿಯ ನಿಯಮ ಇದೆ: "ಟೊಂಗಿ ಬಂದ್ರ ಮೊದ್ಲ ಅದನ್ನ ಮುಗಿಸ್ಕೊಂಡು ಬಾ, ಆಮ್ಯಾಲ ಮುಂದ ಹೋಗು ನೋಡವಾ." ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದು ಏನು ಅಂತ ಗೊತ್ತಾಗಿರಬೇಕು. ಡೆಪ್ತ್ ಫಸ್ಟ್ ಸರ್ಚ್! ಆಗಲೇ ಮುಟ್ಟಿದ ಬಿಂದು ಮತ್ತೆ ಎದುರಾದರೆ ಅದನ್ನೂ ತುದಿ ಅಂದುಕೊಂಡು ಅದೇ ಗೆರೆಯಲ್ಲಿ ಹಿಂದೆ ಬರಬೇಕು. ಟೊಂಗೆಯಲ್ಲಿ 5 ಗೆರೆ ಇದ್ದರೆ ಹೋಗಿ ಬರೋಕೆ 10 ಹೊಲಿಗೆ, 7 ಇದ್ದರೆ 14. ಯಾವಾಗಲೂ ಸಮಸಂಖ್ಯೆ. ಹಾಗಾಗಿ ಒಂದು ಗೆರೆ ದಾಟಿ ಅದಕ್ಕೇ ವಾಪಸ್ ಬರುವ ಹೊತ್ತಿಗೆ ನಡುವೆ ಸಮಸಂಖ್ಯೆಯ ಹೊಲಿಗೆಗಳು ಆಗಿರುತ್ತವೆ. ಹೋಗುವಾಗ ಮೇಲೆ ಬಿದ್ದ ಗೆರೆ ಬರುವಾಗ ಕೆಳಗೇ ಬೀಳುತ್ತೆ. ತಪ್ಪೋಕೆ ಸಾಧ್ಯವೇ ಇಲ್ಲ. ಕೊನೆಗೆ ದಾರದ ಎರಡೂ ತುದಿಗಳು ಒಂದೇ ಜಾಗದಲ್ಲಿ ಸಿಗುತ್ತವೆ. ಅವನ್ನು ಹೊಲಿಗೆಗಳ ಅಡಿಯಲ್ಲಿ ತೂರಿಸಿಬಿಟ್ಟರೆ ಆಯ್ತು.

ಮಷಿನ್‌ಗೆ ಯಾಕೆ ಆಗಲ್ಲ?

1846ರಲ್ಲಿ ಇಲಿಯಾಸ್ ಹೋವ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ಲಾಕ್‌ಸ್ಟಿಚ್ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಹತ್ತಿರ ಇತ್ತು. ಇವತ್ತಿನ ಟೈಲರ್ ಅಂಗಡಿಯ ಮಷಿನ್‌ನಲ್ಲೂ ಹಾಗೇ. ಸೂಜಿ ಬಟ್ಟೆಯನ್ನು ಪೂರ್ತಿ ದಾಟಲ್ಲ. ಮೇಲಿನ ದಾರವನ್ನು ಕೆಳಗೆ ಇಳಿಸಿ, ಬಾಬಿನ್ ದಾರಕ್ಕೆ ಸಿಕ್ಕಿಸಿ ಮೇಲೆ ಬರುತ್ತೆ. ಅಲ್ಲಿ ಎರಡು ದಾರ ಬೇಕೇ ಬೇಕು. ಒಂದೇ ದಾರ ಮೇಲೆ-ಕೆಳಗೆ ಓಡಾಡುವ ಗವಂತಿ ಕೈಗೆ ಮಾತ್ರ ಒಗ್ಗಿದ್ದು. ಕಸೂತಿ ಅಂತ ಹೇಳಿ ಮಾರುವ ಸೀರೆ ಸಿಕ್ಕಿದರೆ ಮೊದಲು ತಿರುಗಿಸಿ ನೋಡಿ. ಪ್ರಿಂಟ್ ಆಗಿದ್ದರೆ, ಮಷಿನ್ ಕೆಲಸ ಆಗಿದ್ದರೆ ಹಿಂಬದಿ ಹೇಳಿಬಿಡುತ್ತೆ. ಕೈಯಲ್ಲಿ ಹೊಲಿದ ಸೀರೆ ಯಾಕಿಷ್ಟು ದುಬಾರಿ ಅಂತ ಚೌಕಾಸಿ ಮಾಡುವ ಮುಂಚೆ ಒಂದು ಇಂಚಿನಲ್ಲಿ ಎಷ್ಟು ಎಳೆ ಇದೆ ಅಂತ ಎಣಿಸೋಕೆ ಪ್ರಯತ್ನಪಡಿ.

ಬರೆದಿಡದ ಅಲ್ಗರಿದಮ್

ನಮ್ಮಜ್ಜಿಗೆ ಈಗ ಇಳಕಲ್ ಸೀರೆಯ ಎಳೆ ಕಾಣಲ್ಲ. ಅಮ್ಮನಿಗೆ ಗೋಪುರ ಬರುತ್ತೆ, ತೇರು ಅರ್ಧ ಮಾತ್ರ. ಹಾಗಾಗಿ ರಜೆಯಲ್ಲಿ ನಾವು ಮೂವರೂ ಕೂತ್ಕೋತೀವಿ. ಅಜ್ಜಿ ಬಾಯಲ್ಲಿ ಎಣಿಸ್ತಾರೆ, ಅಮ್ಮ ಬಟ್ಟೆ ಹಿಡೀತಾರೆ, ನಾನು ಸೂಜಿ ಚುಚ್ಚುತ್ತೀನಿ. ಮುಗಿದದ್ದನ್ನು ಗ್ರಾಫ್ ಶೀಟ್ ಮೇಲೆ ಇಳಿಸಿ, ಯಾವ ಟೊಂಗೆ ಮೊದಲು ಅಂತ ನಂಬರ್ ಹಾಕ್ತೀನಿ. ತೇರಿನ ಕಳಸ ಇನ್ನೂ ಬಾಕಿ ಇದೆ. ಅದು ಅಜ್ಜಿಯ ತಲೆಯಲ್ಲಿ ಮಾತ್ರ ಇದೆ, ಎಲ್ಲೂ ಬ್ಯಾಕಪ್ ಇಲ್ಲ.

ನಿಮ್ಮ ಮನೆಯಲ್ಲಿ ಕಸೂತಿ ಇಲ್ಲದಿರಬಹುದು. ಕೌದಿ ಇರಬಹುದು, ಕ್ರೋಶಾ ಇರಬಹುದು, ಬಾಗಿಲಿಗೆ ಕಟ್ಟುವ ಮಣಿ ತೋರಣ ಇರಬಹುದು. ಅದರಲ್ಲೂ ಒಂದು ಲೆಕ್ಕ ಇದ್ದೇ ಇರುತ್ತೆ. ಶುರು ಮಾಡೋಕೆ ಅರ್ಧ ಮೀಟರ್ ಮ್ಯಾಟಿ ಬಟ್ಟೆ, ಒಂದು ಸೂಜಿ, ಒಂದು ಲಡಿ ದಾರ ಸಾಕು. ಮೊದಲು ಪ್ಲಸ್ ಗುರುತು ಹೊಲಿದು ತಿರುಗಿಸಿ ನೋಡಿ.